ಕಣಗಿಲೆ ಕಾಯಿ ತಿಂದರೆ ಹೃದಯದ ಲಯ ತಪ್ಪುವುದೇಕೆ?

ಕುಮಟಾ, ಅಂಕೋಲಾ ಕಡೆಯ ಬೇಲಿಗಳಲ್ಲಿ ಕಾಣುವ ಹಳದಿ ಕಣಗಿಲೆಯ ವಿಷ ತಡೆಯುವುದು ಹೃದಯಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು. ಈ ಪ್ರೋಟೀನು ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಅಯಾನು ಹೊರಹಾಕಿ 2 ಪೊಟ್ಯಾಸಿಯಂ ಒಳತರುತ್ತದೆ. ಅದು ನಿಂತರೆ ಒಳಗೆ ಸೋಡಿಯಂ ಏರುತ್ತದೆ. ಆಗ ಪಕ್ಕದ ವಿನಿಮಯ ಪ್ರೋಟೀನು (3 ಸೋಡಿಯಂ ಒಳಗೆ, 1 ಕ್ಯಾಲ್ಸಿಯಂ ಹೊರಗೆ) ಸೋಲುತ್ತದೆ; ಕ್ಯಾಲ್ಸಿಯಂ ಕೋಶದೊಳಗಿನ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಸ್ವಲ್ಪ ಹೆಚ್ಚಾದರೆ ಸಂಕೋಚನ ಬಲವಾಗುತ್ತದೆ. ಹೃದಯರೋಗಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆಯ ಗುಟ್ಟೂ ಇದೇ. ಮಿತಿಮೀರಿದರೆ ಚೀಲ ಸೋರಿ, ಹೊತ್ತಲ್ಲದ ಹೊತ್ತಿನಲ್ಲಿ ಬಡಿತ ಹುಟ್ಟುತ್ತದೆ. ಜೊತೆಗೆ ಹೃದಯ ಬಡಿತವನ್ನು ತಗ್ಗಿಸುವ ವೇಗಸ್ ನರ ಕೆರಳಿ ನಾಡಿ ನಿಧಾನವೂ ಆಗಬಹುದು.

ಪೊಟ್ಯಾಸಿಯಂ ಇಲ್ಲಿ ಎರಡು ಕಡೆಯಿಂದ ಕಾಡುತ್ತದೆ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್. ಡಿಗಾಕ್ಸಿನ್ ತಗೊಳ್ಳುವವರಿಗೆ ವಾಂತಿಭೇದಿಯಿಂದಲೋ ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೋ ಅದು ಇಳಿದರೆ, ಪಂಪಿಗೆ ಔಷಧ ಇನ್ನೂ ಬಿಗಿಯಾಗಿ ಅಂಟುತ್ತದೆ. ಕಾಯಿ ತಿಂದವರಲ್ಲಿ ಉಲ್ಟಾ: ಪಂಪು ನಿಂತು ಪೊಟ್ಯಾಸಿಯಂ ಏರುತ್ತದೆ, ಅದೇ ತೀವ್ರತೆಯ ಸೂಚನೆ.

ತಿಂದದ್ದು ಗೊತ್ತಾದರೆ ವಾಂತಿ ಮಾಡಿಸುತ್ತ ಕೂರಬೇಡಿ. ಸಸ್ಯದ ತುಂಡು ಹಿಡಿದು, ಇಸಿಜಿ ಇರುವ ಆಸ್ಪತ್ರೆಗೆ ಕೂಡಲೇ ಹೋಗಿ. ಮೊದಲ ಇಸಿಜಿ ಸರಿಯಿದ್ದರೂ ಮನೆಗೆ ಮರಳಬೇಡಿ. ಲಯ ಕೆಡುವುದು ಗಂಟೆಗಟ್ಟಲೆ ತಡವಾಗಿಯೂ ಆಗುತ್ತದೆ.