ಅವನು ಸುಮ್ಮನಿದ್ದಾಗ ಹತ್ತಿರ ಯಾಕೆ ಹೋಗಲಿ?

ಮೂರನೇ ತರಗತಿಯ ಹುಡುಗನೊಬ್ಬನ ಗಲಾಟೆಗೆ ಸೋತು ನಲಿಕಲಿ ಶಿಕ್ಷಕಿಯೊಬ್ಬರು ನನ್ನ ಬಳಿ ಸಲಹೆಗೆ ಬಂದಿದ್ದರು. ನಲಿಕಲಿ ಎಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಗುಂಪು ಮಾಡಿ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ; ಆ ಗುಂಪನ್ನೇ ತಟ್ಟೆ ಎನ್ನುತ್ತಾರೆ. ಪಕ್ಕದವರ ಪೆನ್ಸಿಲ್ ಕಸಿಯುವುದು, ಸ್ಲೇಟು ಕುಟ್ಟುವುದು; ಬಿಸಿಯೂಟದ ಹೊತ್ತಿಗೆ ಯಾರಾದರೊಬ್ಬರು ಅಳುತ್ತಿರಲೇಬೇಕು. ಗೋಡೆಗೆ ಸ್ಟಾರ್ ಚಾರ್ಟ್ ಹಾಕಿದ್ದರು: ಒಳ್ಳೆಯದಕ್ಕೆ ಒಂದು ಸ್ಟಾರ್, ತಪ್ಪು ಮಾಡಿದರೆ ಒಂದು ಕಿತ್ತುಹಾಕುವುದು. ಎರಡನೇ ವಾರಕ್ಕೆ ಅವನ ಸಾಲು ಖಾಲಿ. ಕಳೆದುಕೊಳ್ಳಲು ಏನೂ ಉಳಿಯದವನು ಯಾವುದಕ್ಕೆ ಅಂಜುತ್ತಾನೆ? ಬೇರೆ ಬೇರೆ ಶಾಲೆಗಳಿಂದ ಇದೇ ಚಾರ್ಟಿನ ದೂರು ಪದೇ ಪದೇ ಬರುತ್ತಿರುವುದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟಿದ್ದೇನೆ.

ಮೊದಲ ಭೇಟಿಯಲ್ಲಿ ಕೊಟ್ಟದ್ದು ಒಂದೇ ಕೆಲಸ. ಮೂರು ದಿನ, ಮೂರು ಕಾಲಂ: ಗಲಾಟೆಗೆ ಮುಂಚೆ ಏನು ನಡೆಯುತ್ತಿತ್ತು, ಹುಡುಗ ಏನು ಮಾಡಿದ, ಆಮೇಲೆ ನೀವೇನು ಮಾಡಿದಿರಿ. 'ತರಲೆ ಮಾಡಿದ' ಎಂದು ಬರೆದರೆ ಉಪಯೋಗವಿಲ್ಲ, 'ಸ್ಲೇಟನ್ನು ನೆಲಕ್ಕೆ ಕುಟ್ಟಿದ' ಎಂದೇ ಬರೆಯಬೇಕು.

ಹಾಳೆ ಬಂತು. ಹೆಚ್ಚುಕಡಿಮೆ ಎಲ್ಲ ಗಲಾಟೆಯೂ ಅವನು ಐದನೇ ತಟ್ಟೆಯಲ್ಲಿ, ಅಂದರೆ ಸ್ವಕಲಿಕೆಯ ಗುಂಪಿನಲ್ಲಿ ಕೂತಾಗಲೇ ಆಗಿತ್ತು. ಮೂರನೇ ಕಾಲಮಿನಲ್ಲಿ ಸಾಲುಸಾಲಾಗಿ 'ಹತ್ತಿರ ಹೋಗಿ ಗದರಿದೆ'.

"ಅವನು ತನ್ನಷ್ಟಕ್ಕೆ ಬರೀತಾ ಕೂತಾಗ ಹತ್ತಿರ ಹೋಗ್ತೀರಾ ಟೀಚರ್?"

"ಅವನು ಸುಮ್ನೆ ಕೂತಾಗ್ಲೇ ಮೇಡಂ ನನಗೆ ಒಂಚೂರು ಉಸಿರಾಡೋಕಾಗೋದು. ಆಗ ಯಾಕೆ ಹೋಗ್ಲಿ? ಒಂದನೇ ತಟ್ಟೆ ಮಕ್ಕಳು ಕಾಯ್ತಾ ಇರ್ತಾರೆ."

ಇಡೀ ಪ್ರಕರಣ ಈ ಮಾತಿನಲ್ಲಿತ್ತು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಒಂದನೇ ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ, ಮುಂದಿನೆರಡಕ್ಕೆ ಗೆಳೆಯರ ನೆರವು, ಐದನೆಯದು ತಾನೇ ಕಲಿಯುವುದು. ಮೂರು ತರಗತಿಯನ್ನು ಒಬ್ಬರೇ ನಡೆಸಲು ಇದು ಬೇಕೇ ಬೇಕು. ಆದರೆ ಟೀಚರ್ ಬರಬೇಕು ಎಂದು ಕಾಯುವ ಮಗುವಿಗೆ ಅಲ್ಲಿ ಅವರು ಸಿಗುವುದು ಸ್ಲೇಟು ಕುಟ್ಟಿದಾಗ ಮಾತ್ರ. ಬೈಗುಳವಾದರೂ ಸರಿ, ಬಂದರಲ್ಲ!

ಹೀಗಾಗಿ ಕೊಟ್ಟ ಸಲಹೆ ಇಷ್ಟು. ಚಾರ್ಟ್ ತೆಗೆಯಿರಿ. ಅವನು ಐದನೇ ತಟ್ಟೆಗೆ ಹೋದಾಗ ನಾಲ್ಕೈದು ನಿಮಿಷಕ್ಕೊಮ್ಮೆ, ಗಲಾಟೆ ಶುರುವಾಗುವ ಮುಂಚೆಯೇ, ಆ ಕಡೆ ಹಾದುಹೋಗಿ. ಹತ್ತು ಸೆಕೆಂಡು ಸಾಕು. ಬಗ್ಗಿ, ಅವನಿಗಷ್ಟೇ ಕೇಳುವಂತೆ, ಕಂಡದ್ದನ್ನು ಹೇಳಿ: "ಈ ಕಾರ್ಡ್ ಮುಗಿಸಿ ಜಾಗಕ್ಕಿಟ್ಟಿದ್ದೀಯ." 'ಜಾಣಮರಿ' ಬೇಡ, ಯಾವ ಕೆಲಸಕ್ಕೆ ಮೆಚ್ಚುಗೆ ಸಿಕ್ಕಿತೆಂದು ಅದರಿಂದ ಮಗುವಿಗೆ ತಿಳಿಯುವುದಿಲ್ಲ. "ನಿನ್ನೆ ಹೀಗಿರಲಿಲ್ಲ ನೋಡು" ಎಂಬ ಬಾಲ ಅಂಟಿಸಿದರಂತೂ ಹೊಗಳಿಕೆ ಬೈಗುಳವಾಗುತ್ತದೆ. ಸ್ಲೇಟು ಕುಟ್ಟಿದರೆ ತಿರುಗಿ ನೋಡಬೇಡಿ, ನಿಲ್ಲಿಸಿದ ತಕ್ಷಣ ಹೋಗಿ. ಹೊಡೆದಾಟವಾದರೆ ಮಾತ್ರ ಕಾಯಬಾರದು: ಬಿಡಿಸಿ, "ಹೊಡೆಯೋ ಹಾಗಿಲ್ಲ" ಎಂದಷ್ಟೇ ಹೇಳಿ, ಪೆಟ್ಟು ತಿಂದ ಮಗುವನ್ನು ಮೊದಲು ವಿಚಾರಿಸಿ. ಉಪದೇಶ ಬೇಡ.

ಮೊದಲ ವಾರ ಗಲಾಟೆ ಜಾಸ್ತಿಯಾಗಬಹುದು ಎಂದು ಮುಂಚೆಯೇ ಹೇಳಿದ್ದೆ. ಇಷ್ಟು ದಿನ ಫಲ ಕೊಟ್ಟ ಸದ್ದು ಈಗ ಕೊಡದಿದ್ದರೆ ಮಗು ಇನ್ನೂ ಜೋರಾಗಿ ಕುಟ್ಟಿ ನೋಡುತ್ತದೆ. ಮೂರನೇ ದಿನ ತಾಳ್ಮೆಗೆಟ್ಟು ಓಡಿಹೋದರೆ, ಎಷ್ಟು ಜೋರಾಗಿ ಕುಟ್ಟಬೇಕೆಂಬುದನ್ನು ನಾವೇ ಕಲಿಸಿದಂತೆ. ಬಹಳ ಜನ ಕೈಬಿಡುವುದು ಇಲ್ಲಿಯೇ.

'ಒಂದೇಟು ಕೊಟ್ಟರೆ ಮುಗೀತಿತ್ತು' ಎನ್ನುವವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ಗೊತ್ತೇ ಇರುತ್ತದೆ. ಕಾನೂನು ಬದಿಗಿರಲಿ, ಏಟಿಗೆ ತರಗತಿ ಐದು ನಿಮಿಷ ತಣ್ಣಗಾಗುತ್ತದೆ. ಆ ಐದು ನಿಮಿಷದ ರುಚಿಗೆ ಹೊಡೆದವರು ಮತ್ತೆ ಹೊಡೆಯುತ್ತಾರೆ. 'ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ' ಎಂಬ ಪ್ರಶ್ನೆ ಇದಕ್ಕಿಂತ ನ್ಯಾಯದ್ದು. ಅದಕ್ಕೇ ಐದನೇ ತಟ್ಟೆಗೆ ಹೋದಾಗ ಅಲ್ಲಿರುವ ಎಲ್ಲರಿಗೂ ಒಂದೊಂದು ಮಾತು ಆಡಿ ಬರಲು ಹೇಳಿದ್ದು.

ಮೂರನೇ ವಾರದಿಂದ ಅಂತರವನ್ನು ಎಂಟು, ಹತ್ತು ನಿಮಿಷಕ್ಕೆ ಹಿಗ್ಗಿಸಿದರು. ಸ್ಲೇಟಿನ ಸದ್ದು ಅಪರೂಪವಾಯಿತು. ಪೆನ್ಸಿಲ್ ಕಸಿಯುವುದು ಇನ್ನೂ ಇದೆ.

ಒಂದು ಎಚ್ಚರಿಕೆ. ಇದೇ ಉಪಾಯ ಎಲ್ಲ ಮಕ್ಕಳಿಗೂ ನಡೆಯದು. ನಿಮ್ಮ ಹಾಳೆಯ ಮೊದಲ ಕಾಲಮಿನಲ್ಲಿ 'ಹೊಸ ಕಾರ್ಡ್ ಕೊಟ್ಟೆ' ಎಂದೇ ಮತ್ತೆ ಮತ್ತೆ ಬಂದರೆ, ಮಗು ಕರೆಯುತ್ತಿರುವುದು ನಿಮ್ಮನ್ನಲ್ಲ, ತಪ್ಪಿಸಿಕೊಳ್ಳುತ್ತಿರುವುದು ಕಾರ್ಡಿನಿಂದ. ಆಗ ನಿರ್ಲಕ್ಷಿಸಿದರೆ ಅದಕ್ಕೆ ಅನುಕೂಲವೇ. ಕಲಿಕಾ ಏಣಿಯಲ್ಲಿ, ಅಂದರೆ ಕಾರ್ಡುಗಳ ಕ್ರಮಪಟ್ಟಿಯಲ್ಲಿ, ಎರಡು ಮೆಟ್ಟಿಲು ಹಿಂದಿನ ಕಾರ್ಡ್ ಕೊಟ್ಟು ನೋಡಿ, ಕಣ್ಣು ಕಿವಿ ಪರೀಕ್ಷೆ ಮಾಡಿಸಿ.