ಬೀದರ್‌ನ ಸುರಂಗ ಬಾವಿಗೆ ನೀರು ಎಲ್ಲಿಂದ ಬರುತ್ತದೆ? ಅದು ಯಾಕೆ ಬತ್ತುತ್ತದೆ?

ನೀರು ಬರುವುದು ಅಲ್ಲೇ ಮೇಲೆ ಬಿದ್ದ ಮಳೆಯಿಂದ. ಬತ್ತುವುದು ಆ ಮಳೆ ಇಂಗುವ ನೆಲವನ್ನು ಮನೆ, ರಸ್ತೆ ಮುಚ್ಚಿದಾಗ, ಸುತ್ತ ಬೋರ್‌ವೆಲ್ ಜಾಸ್ತಿಯಾದಾಗ.

ಬೀದರ್ ಕೂತಿರುವುದು ಜಂಬಿಟ್ಟಿಗೆಯ ಮೇಲೆ, ಅಂದರೆ ತೂತು ತೂತಾದ ಕೆಂಪು ಕಲ್ಲಿನ ಮೇಲೆ. ಒಂದು ತುಂಡಿನ ಮೇಲೆ ಚೊಂಬು ನೀರು ಸುರಿದು ನೋಡಿ, ತೂತುಗಳಲ್ಲಿ ಇಳಿದುಬಿಡುತ್ತದೆ. ಅದರ ಕೆಳಗೆ ಗಟ್ಟಿ ಕಪ್ಪು ಕಲ್ಲು. ಇಂಗಿದ ನೀರು ಅದನ್ನು ಸುಲಭಕ್ಕೆ ದಾಟಲಾರದು. ಹಾಗಾಗಿ ಎರಡು ಕಲ್ಲು ಕೂಡುವ ಕಡೆ ನಿಂತು ಪಕ್ಕಕ್ಕೆ ಹರಿಯುತ್ತದೆ, ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನೀರಲ್ಲಿ ನಡೆದಿದ್ದೀರಾ? ಅದೂ ಇಂಥ ಝರಿಯ ನೀರೇ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. ಎತ್ತರದ ಊರು, ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಸುರಂಗ ಬಾವಿ ತೋಡುವ ಪರ್ಷಿಯಾದ ಕರೇಜ್ ವಿದ್ಯೆ ಈ ಕಲ್ಲಿಗೆ ಹೇಳಿ ಮಾಡಿಸಿದಂತಿತ್ತು: ನೆಲದೊಳಗೆ ತುಸುವೇ ಇಳಿಜಾರಿನ ಸುರಂಗ, ಅದಕ್ಕೆ ಗಾಳಿ ಬೆಳಕಿಗೆಂದು ಮೇಲಿಂದ ಸಾಲು ಬಾವಿ. ಬೀದರ್‌ ಪಕ್ಕದ ನೌಬಾದ್‌ನಲ್ಲಿ ಸುಮಾರು 3 ಕಿಲೋಮೀಟರ್ ಉದ್ದಕ್ಕೆ ಇಂಥ 21 ಬಾವಿಗಳು ಸಿಕ್ಕಿವೆ. ಪಂಪೂ ಇಲ್ಲ, ಕರೆಂಟೂ ಇಲ್ಲ.

ಆದರೆ ಸುರಂಗ ತನಗೆ ಒಸರಿ ಬಂದಷ್ಟನ್ನೇ ತೆಗೆದುಕೊಳ್ಳುತ್ತದೆ. ಬೋರ್‌ವೆಲ್ ಹಾಗಲ್ಲ. ಅದು ಆಳದಿಂದ ಎಳೆದು ನೀರಿನ ಮಟ್ಟವನ್ನು ಸುರಂಗಕ್ಕಿಂತ ಕೆಳಗೆ ಇಳಿಸಿಬಿಟ್ಟರೆ, ಹೂಳೆತ್ತಿದ ಸುರಂಗಕ್ಕೂ ನೀರು ಬರುವುದಿಲ್ಲ.