ತಾಲ್ಲೂಕು ‘ಸುರಕ್ಷಿತ’, ಬೋರ್ ಫೇಲ್: ಸರ್ಕಾರಿ ಅಂತರ್ಜಲ ವರದಿ ಓದುವ ಬಗೆ

ಅಣ್ಣ, ಗುಂಪಲ್ಲಿ ನಿಮ್ಮ ಪೋಸ್ಟ್ ಬೆಳಿಗ್ಗೆಯೇ ನೋಡಿದೆ, ಕೂತು ಬರೆಯೋಕೆ ಈಗ ಪುರುಸೊತ್ತಾಯ್ತು. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ನಿಮ್ಮ ತಾಲ್ಲೂಕು ‘ಸುರಕ್ಷಿತ’. ಅದನ್ನು ನಂಬಿ ಎರಡು ಬೋರ್ ಕೊರೆಸಿದ್ರಿ. ಒಂದರಲ್ಲಿ ಬರೀ ಧೂಳು, ಇನ್ನೊಂದರಲ್ಲಿ ಎರಡು ಇಂಚು ನೀರು ಬಂದು ಫೆಬ್ರವರಿಗೆ ನಿಂತೇ ಹೋಯಿತು. ಹಾಗಾದರೆ ವರದಿ ಸುಳ್ಳಾ ಅಂತ ಕೇಳಿದ್ದೀರಿ. ಕೆಳಗೆ ನಾಲ್ಕೈದು ಜನ ‘ಆಫೀಸಲ್ಲಿ ಕೂತು ಬರೆದ ಅಂಕಿ’ ಅಂತ ಹಾಕಿಯೂ ಆಗಿದೆ. ನನಗೆ ಹಾಗನ್ನಿಸಲ್ಲ. ನೀವು ಕೇಳಿದ ಪ್ರಶ್ನೆಯೇ ಬೇರೆ, ಆ ಅಂಕಿ ಉತ್ತರ ಕೊಡ್ತಿರೋ ಪ್ರಶ್ನೆಯೇ ಬೇರೆ.

‘ಸುರಕ್ಷಿತ’ ಅಂದರೆ ಇಷ್ಟೇ: ಆ ತಾಲ್ಲೂಕಿನಲ್ಲಿ ವರ್ಷಕ್ಕೆ ಭೂಮಿಗೆ ಇಂಗುವ ನೀರಿನಲ್ಲಿ, ತೆಗೆಯಲು ಲಭ್ಯ ಅಂತ ಹಿಡಿದ ಪಾಲಿದೆಯಲ್ಲ, ಅದರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮೇಲೆತ್ತುತ್ತಿಲ್ಲ. 70ರಿಂದ 90 ಇದ್ದರೆ ಅರೆ-ಗಂಭೀರ, 90ರಿಂದ 100 ಗಂಭೀರ, 100 ದಾಟಿದರೆ ಅತಿಬಳಕೆ. ಇದು ಆದಾಯ-ಖರ್ಚಿನ ಲೆಕ್ಕ, ಖಜಾನೆ ಎಷ್ಟು ದೊಡ್ಡದು ಅನ್ನೋದು ಇದರಲ್ಲಿ ಇಲ್ಲ. ಕಲ್ಲೆಲ್ಲ ಗಟ್ಟಿಯಾಗಿ, ಬೋರ್ ಹಾಕಿದವರಿಗೆಲ್ಲ ಧೂಳೇ ಬಂದು, ಜನ ಬೇಸತ್ತು ಕೈಬಿಟ್ಟ ತಾಲ್ಲೂಕು ಕೂಡ ಆರಾಮಾಗಿ ‘ಸುರಕ್ಷಿತ’ ಪಟ್ಟಿಯಲ್ಲಿ ಕೂರಬಹುದು. ತೆಗೆಯೋಕೆ ಸಿಕ್ಕದೇ ಇದ್ದರೆ ಬಳಕೆ ಕಡಿಮೆಯೇ ತಾನೆ! ಜೊತೆಗೆ ಆ ಅಂಕಿ ಇಡೀ ತಾಲ್ಲೂಕಿಗೆ ಒಂದು. ನಿಮ್ಮ ಸರ್ವೆ ನಂಬರಿಗೆ ಅಲ್ಲ.

ಲೆಕ್ಕ ಹಾಕೋದು ಹೇಗೆ ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತೆ. ಮಂಡಳಿಯವರು ಗೊತ್ತುಪಡಿಸಿದ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೀತಾರೆ: ಜನವರಿ, ಮಳೆಗೆ ಮುಂಚೆ ಬೇಸಿಗೆಯಲ್ಲಿ, ಆಗಸ್ಟ್, ನವೆಂಬರ್. ಮಳೆಗೆ ಮುಂಚಿನ ಮಟ್ಟಕ್ಕೂ ಮಳೆ ಮುಗಿದ ಮೇಲಿನ ಮಟ್ಟಕ್ಕೂ ಇರುವ ವ್ಯತ್ಯಾಸವನ್ನು ಕಲ್ಲಿನ ನೀರು ಬಿಟ್ಟುಕೊಡುವ ಗುಣದಿಂದ ಗುಣಿಸಿ, ವಿಸ್ತೀರ್ಣದಿಂದ ಗುಣಿಸ್ತಾರೆ. ಅದನ್ನು ಮಳೆಯ ಲೆಕ್ಕದಿಂದ ಬಂದ ಅಂಕಿಯ ಜೊತೆ ತಾಳೆ ನೋಡ್ತಾರೆ. ಇಳಿಜಾರು ನೂರಕ್ಕೆ 20ಕ್ಕಿಂತ ಹೆಚ್ಚಿರುವ ಗುಡ್ಡದ ಜಾಗ ಇಂಗುವ ಲೆಕ್ಕಕ್ಕೆ ಸೇರಲ್ಲ, ಅಲ್ಲಿ ನೀರು ನಿಲ್ಲದೆ ಓಡಿಹೋಗುತ್ತೆ.

ಈ ‘ನೀರು ಬಿಟ್ಟುಕೊಡುವ ಗುಣ’ ಇದೆಯಲ್ಲ, ಎಲ್ಲರ ತಲೆ ಕೆಡಿಸೋದು ಇದೇ. ಒಂದು ಘನ ಮೀಟರ್ ಕಲ್ಲನ್ನು ಪೂರ್ತಿ ನೆನೆಸಿ ಸೋರಲು ಬಿಟ್ಟರೆ ಎಷ್ಟು ನೀರು ಕೈಗೆ ಬರುತ್ತೆ ಅನ್ನೋ ಲೆಕ್ಕ ಅದು. ನದಿ ಬಯಲಿನ ಮರಳಿಗೆ ಸರ್ಕಾರಿ ಲೆಕ್ಕದಲ್ಲಿ ನೂರಕ್ಕೆ 16ರವರೆಗೆ ಹಿಡೀತಾರೆ. ಶಿಥಿಲವಾದ ಗ್ರಾನೈಟ್-ನೈಸ್ ಕಲ್ಲಿಗೆ ಒಂದೂವರೆಯಿಂದ ಮೂರು. ಬಸಾಲ್ಟಿಗೆ ಎರಡು. ಬಿರುಕು ತೀರ ಕಡಿಮೆ ಇರೋ ಗಟ್ಟಿ ಬಂಡೆಗೆ 0.3! ಈಗ ಎರಡು ಅಂತಲೇ ಇಟ್ಟುಕೊಳ್ಳಿ. ನಿಮ್ಮ ಒಂದು ಎಕರೆ ಕೆಳಗೆ ನೀರಿನ ಮಟ್ಟ ಒಂದು ಮೀಟರ್ ಏರಿತು ಅಂದರೆ ಅಲ್ಲಿ ಹೊಸದಾಗಿ ಕೂಡಿದ ನೀರು ಸುಮಾರು 81,000 ಲೀಟರ್. ಕೇಳೋಕೆ ದೊಡ್ಡದು. ಆದರೆ ನೀರು ಅಳೆಯೋಕೆ ಇಡೋ ತಗಡಿನ ವಿ ಆಕಾರದ ಗಂಡಿಯಲ್ಲಿ ಎರಡು ಇಂಚು ಎತ್ತರ ಹರಿಯುವ ಬೋರ್ ಗಂಟೆಗೆ ಹೆಚ್ಚುಕಡಿಮೆ 2,900 ಲೀಟರ್ ಎತ್ತುತ್ತೆ. ದಿನಕ್ಕೆ ಆರು ಗಂಟೆ ಓಡಿಸಿದರೆ ಆ 81,000 ಲೀಟರ್ ಐದು ದಿನಕ್ಕೂ ಸಾಲಲ್ಲ. ಆಮೇಲೆ ಸುತ್ತಮುತ್ತಲ ಜಮೀನಿನ ಕೆಳಗಿಂದ ಎಳೀಬೇಕು, ಅವರೂ ನಿಮ್ಮ ಕೆಳಗಿಂದ ಎಳೀತಿರ್ತಾರೆ. ನಿಮ್ಮ ಎರಡನೇ ಬೋರ್ ಫೆಬ್ರವರಿಗೆ ನಿಂತಿದ್ದು ಇದೇ ಕಾರಣಕ್ಕೆ ಇರಬಹುದು ಅಂತ ನನ್ನ ಅನುಮಾನ. ಗ್ಯಾಪ್ (ಬಂಡೆಯ ಬಿರುಕು) ಸಿಕ್ಕಿದೆ, ಅದನ್ನು ತುಂಬಿಸೋ ಮೇಲಿನ ಪದರ ತೆಳ್ಳಗಿದೆ.

ಇಂಚಿನ ಮಾತು ಬಂತು ಅಂತ ಒಂದು ವಿಷಯ. ‘ನಂದು ಎರಡು ಇಂಚು, ಅವನದು ಒಂದು, ಅಂದರೆ ನಂದು ಡಬಲ್’ ಅನ್ನೋರು ಈ ಗುಂಪಲ್ಲೇ ಬೇಕಾದಷ್ಟು ಜನ ಇದ್ದಾರೆ. ವಿ ಗಂಡಿಯಲ್ಲಿ ಎತ್ತರ ಎರಡರಷ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ. ಒಂದು ಇಂಚು ಅಂದರೆ ಗಂಟೆಗೆ ಬರೀ 500 ಲೀಟರಿನ ಆಸುಪಾಸು. ನಂಬಿಕೆ ಬರದಿದ್ದರೆ 200 ಲೀಟರ್ ಡ್ರಮ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿ. ನಾಲ್ಕು ನಿಮಿಷದ ಮೇಲೆ ಹತ್ತು ಸೆಕೆಂಡಿಗೆ ತುಂಬಿದರೆ ಅದು ಎರಡು ಇಂಚು.

ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರು ಇರೋದು ಎರಡು ಮನೆಯಲ್ಲಿ. ಮೇಲೆ ಗೊರಚು, ಕೊಳೆತ ಕಲ್ಲಿನ ಪದರ. ನೀರು ಕೂಡಿಕೊಂಡಿರೋದು ಮುಖ್ಯವಾಗಿ ಅಲ್ಲಿ. ಕೆಳಗೆ ಬಂಡೆಯ ಬಿರುಕುಗಳು, ಅಂದರೆ ನಾವು ಗ್ಯಾಪ್ ಅನ್ನೋದು. ಅವು ಟ್ಯಾಂಕ್ ಅಲ್ಲ, ಪೈಪು. ಮೇಲಿನ ಟ್ಯಾಂಕ್ ಬತ್ತಿದ ಮೇಲೆ ಪೈಪಿನಲ್ಲಿ ಉಳಿದಿದ್ದು ನಾಲ್ಕು ದಿನ ಬರುತ್ತೆ, ಅಷ್ಟೆ. ಆಳಕ್ಕೆ ಹೋದಂತೆ ಬಿರುಕು ವಿರಳ ಆಗ್ತಾ ಹೋಗುತ್ತೆ. 600 ಅಡಿಗೆ ಬರಲಿಲ್ಲ ಅಂತ 1,000ಕ್ಕೆ ಹೋಗೋ ಮೊದಲು ಇದನ್ನು ನೆನಪಿಡಿ.

ವರದಿಯ ಮೇಲೆ ನನಗೂ ಒಂದು ತಕರಾರಿದೆ, ಅದು ಸುಳ್ಳು ಅನ್ನೋದಲ್ಲ. ವೀಕ್ಷಣಾ ಬಾವಿಗಳಲ್ಲಿ ಬಹಳಷ್ಟು ತೆರೆದ ಬಾವಿಗಳು. ಅವು ತೋರಿಸೋದು ಮೇಲಿನ ಪದರದ ಮಟ್ಟ, ನಿಮ್ಮ 600 ಅಡಿ ಬೋರಿನದಲ್ಲ. ಅದಕ್ಕಿಂತ ನಾಜೂಕಾದ ಸಂಗತಿ ಇನ್ನೊಂದು. ಬಾವಿ ಬತ್ತಿತು ಅಂದರೆ ಆ ಸಲ ಮಟ್ಟದ ಅಂಕಿಯೇ ಇರಲ್ಲ. ಹತ್ತರಲ್ಲಿ ನಾಲ್ಕು ಬತ್ತಿ, ಉಳಿದ ಆರರ ಸರಾಸರಿ ತೆಗೆದರೆ ಮಟ್ಟ ‘ಸುಧಾರಿಸಿದ’ ಹಾಗೆ ಕಾಣುತ್ತೆ. ಸೋತ ಮಕ್ಕಳ ಪತ್ರಿಕೆ ಪಕ್ಕಕ್ಕಿಟ್ಟು ತರಗತಿಯ ಸರಾಸರಿ ಹೇಳಿದ ಹಾಗೆ. ದಕ್ಷಿಣ ಭಾರತದ ಬಾವಿ ಅಂಕಿಗಳಲ್ಲಿ ಏರಿಕೆ ಕಾಣೋದೇಕೆ, ಅದೇ ಹೊತ್ತಿಗೆ ರೈತರ ಬಾವಿ ಬತ್ತೋದೇಕೆ ಅಂತ ಹುಡುಕಿದ ಸಂಶೋಧಕರು 2019ರಲ್ಲಿ ಇದೇ ಕಾರಣವನ್ನು ಮುಂದಿಟ್ಟರು. ಹಾಗಾಗಿ ಸರಾಸರಿ ನೋಡಬೇಡಿ. ನಿಮಗೆ ಹತ್ತಿರದ ಒಂದು ಬಾವಿಯ ಹತ್ತಿಪ್ಪತ್ತು ವರ್ಷದ ಸಾಲು ತೆಗೆದು ನೋಡಿ. ಕೇಂದ್ರ ಸರ್ಕಾರದ ಇಂಡಿಯಾ-ವ್ರಿಸ್ ಜಾಲತಾಣದಲ್ಲಿ ಬಾವಿವಾರು ಅಂಕಿ ಸಿಗುತ್ತೆ. ಸಾಲಿನಲ್ಲಿ ಎಲ್ಲಿ ಖಾಲಿ ಬಿಟ್ಟಿದೆ ಅನ್ನೋದನ್ನೂ ಗುರುತು ಹಾಕಿ, ಖಾಲಿ ಜಾಗವೇ ಸುದ್ದಿ ಆಗಿರಬಹುದು.

ನಕ್ಷೆಗಳ ಬಗ್ಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1851ರಿಂದ ಇರೋ ಸಂಸ್ಥೆ. ಅದರ ಕಲ್ಲಿನ ನಕ್ಷೆಗಳು ಭೂಕೋಶ್ ತಾಣದಲ್ಲಿ ಇವೆ. ಮಂಡಳಿಯವರು 2012ರಿಂದ ಜಲಪದರ ನಕ್ಷೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮವನ್ನೂ ನಡೆಸಿದ್ದಾರೆ. ಎರಡೂ ಸಾಮಾನ್ಯವಾಗಿ 1:50,000 ಪ್ರಮಾಣದ್ದು. ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಎರಡು ಕಲ್ಲಿನ ನಡುವೆ ಎಳೆದ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನಿಮ್ಮ ಹೊಲದಲ್ಲಿ 25 ಮೀಟರ್ ಅಗಲ ಆಯ್ತು. ಅದನ್ನು ಜೂಮ್ ಮಾಡಿ ‘ಗೆರೆ ನನ್ನ ಬೇಲಿ ಪಕ್ಕ ಹೋಗಿದೆ’ ಅಂತ ಬೋರ್ ಕೊರೆಯೋ ರಿಗ್ ಕರೆಸಿದರೆ ತಪ್ಪು ನಕ್ಷೆಯದ್ದಲ್ಲ. ನಿಮ್ಮದು ಯಾವ ಕಲ್ಲು, ಡೈಕ್ (ನೆಲದೊಳಗೆ ಗೋಡೆಯ ಹಾಗೆ ಹಾದ ಬೇರೆ ಕಲ್ಲಿನ ಪಟ್ಟಿ) ಯಾವ ದಿಕ್ಕಿಗೆ ಹಾದಿದೆ, ಕಣಿವೆ ಯಾವ ಬಿರುಕಿನ ಗೆರೆ ಹಿಡಿದಿದೆ ಅಂತ ತಿಳಿಯೋಕೆ ಮಾತ್ರ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಇನ್ನು ‘ಉಪಗ್ರಹದಿಂದ ನಿಮ್ಮ ಹೊಲದ ನೀರು ತೋರಿಸ್ತೀವಿ’ ಅಂತ ಬಂದವರ ವಿಷಯ ಕೇಳಿದ್ದೀರಿ. ಅಂತರ್ಜಲವನ್ನು ತೂಗಿದ ಉಪಗ್ರಹ ಅಂದರೆ ಗ್ರೇಸ್, ಅಮೆರಿಕ-ಜರ್ಮನಿ ಸೇರಿ 2002ರಲ್ಲಿ ಹಾರಿಸಿದ ಜೋಡಿ. ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಸುತ್ತುತ್ತಿದ್ದವು. ಕೆಳಗಿನ ನೆಲದ ತೂಕ ಹೆಚ್ಚುಕಡಿಮೆ ಆದಂತೆ ಅವುಗಳ ಅಂತರ ಕೂದಲೆಳೆಗಿಂತ ಸಣ್ಣಗೆ ಬದಲಾಗೋದನ್ನು ಅಳೀತಿದ್ದವು. ಅದರಿಂದಲೇ ರಾಜಸ್ಥಾನ, ಪಂಜಾಬ್, ಹರಿಯಾಣ ಸೇರಿದ ಪ್ರದೇಶದಲ್ಲಿ 2002ರಿಂದ 2008ರ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಹೋಗಿದೆ ಅಂತ 2009ರಲ್ಲಿ ಗೊತ್ತಾಗಿದ್ದು. ಅದ್ಭುತ ಕೆಲಸ. ಆದರೆ ಅದರ ಕಣ್ಣಿಗೆ ಕಾಣೋದು ನೂರಾರು ಕಿಲೋಮೀಟರ್ ಅಗಲದ ಪ್ರದೇಶ, ನಿಮ್ಮ ನಾಲ್ಕು ಎಕರೆ ಅಲ್ಲ. ಉಪಗ್ರಹ ಚಿತ್ರದಲ್ಲಿ ಬಿರುಕಿನ ಗೆರೆಗಳನ್ನು ಗುರುತಿಸೋದು ಬೇರೆ, ಅದು ಉಪಯೋಗಕ್ಕೆ ಬರುತ್ತೆ. ‘ನೀರೇ ಕಾಣುತ್ತೆ’ ಅಂದವರಿಗೆ ಕೈ ಮುಗಿದು ಕಳಿಸಿ.

ಪಾಯಿಂಟ್ ನೋಡೋ ಮಿಷನ್ ಇದರ ಮುಂದೆ ಎಷ್ಟೋ ವಾಸಿ. ನಾಲ್ಕು ಕಂಬಿ ನೆಟ್ಟು, ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಬಂತು ಅಂತ ಅಳೆದು ನೆಲದ ವಿದ್ಯುತ್ ತಡೆ ಲೆಕ್ಕ ಹಾಕ್ತಾರೆ. ತಡೆ ಕಡಿಮೆ ಅಂದಕೂಡಲೇ ನೀರು ಅಂತಲ್ಲ. ಒದ್ದೆ ಜೇಡಿಯೂ ಕಡಿಮೆ ತೋರಿಸುತ್ತೆ, ಉಪ್ಪು ನೀರೂ ಕಡಿಮೆ ತೋರಿಸುತ್ತೆ. ಆಳದಲ್ಲಿರೋ ಬೆರಳಗಲದ ಗ್ಯಾಪ್ ಅದಕ್ಕೆ ಕಾಣಲ್ಲ. ಕೊಳೆತ ಕಲ್ಲಿನ ಪದರ ಎಷ್ಟು ದಪ್ಪ, ಬಂಡೆ ಎಲ್ಲಿಂದ ಶುರು ಅನ್ನೋದನ್ನು ಚೆನ್ನಾಗಿ ಹೇಳುತ್ತೆ, ನಿಮಗೆ ಬೇಕಾಗಿದ್ದೂ ಅದೇ. ಅಳತೆಯ ಗ್ರಾಫ್ ಕೇಳಿ ತಗೊಳ್ಳಿ. ಬರೀ ಸುಣ್ಣದ ಗುರುತು ಹಾಕಿ ಹೋಗೋಕೆ ಬಿಡಬೇಡಿ. ಕವಲು ಕಡ್ಡಿ ಹಿಡಿದು ಜಲ ನೋಡೋರ ಬಗ್ಗೆ ಇಲ್ಲಿ ಜಗಳ ಬೇಡ. ಅಮೆರಿಕದ ಸರ್ಕಾರಿ ಭೂವಿಜ್ಞಾನಿಗಳು 1917ರಲ್ಲೇ ಅದರ ಮೇಲೊಂದು ವರದಿ ಬರೆದು, ಇನ್ನು ಪರೀಕ್ಷೆ ಮಾಡೋ ಅಗತ್ಯವೂ ಇಲ್ಲ ಅಂದುಬಿಟ್ಟರು.

ಈಗ ಮಾಡಬೇಕಾದ ಕೆಲಸ. ನಿಂತುಹೋದ ಬೋರನ್ನು ಮುಚ್ಚಬೇಡಿ, ಅದೇ ನಿಮ್ಮ ವೀಕ್ಷಣಾ ಬಾವಿ. (ಬಾಯಿಗೆ ಬೀಗ ಹಾಕುವಂಥ ಗಟ್ಟಿ ಕ್ಯಾಪ್ ಇವತ್ತೇ ಹಾಕಿಸಿ, ಮಕ್ಕಳು ಓಡಾಡೋ ಜಾಗ.) ಪಕ್ಕದವರ ತೆರೆದ ಬಾವಿ ಇದ್ದರೆ ಅದೂ ಆಗುತ್ತೆ. ತೆರೆದ ಬಾವಿಗೆ ಹಳೇ ವಿಧಾನ ಸಾಕು: ಸ್ಟೀಲ್ ಟೇಪಿನ ಮೊದಲ ಹತ್ತು ಅಡಿಗೆ ಬಡಗಿಯ ನೀಲಿ ಚಾಕ್ ಉಜ್ಜಿ, ತುದಿಗೆ ತೂಕ ಕಟ್ಟಿ ಇಳಿಬಿಡಿ. ತುದಿ ನೀರಿಗೆ ಮುಳುಗೋ ಹಾಗೆ ಸರಿಯಾಗಿ 50 ಅಡಿಯ ಗುರುತನ್ನು ಕಟ್ಟೆ ಅಂಚಿಗೆ ಹಿಡಿದು ಮೇಲೆಳೆಯಿರಿ. ಒದ್ದೆಯಾದ ಚಾಕ್ ಗಾಢ ಬಣ್ಣಕ್ಕೆ ತಿರುಗಿ ಗೆರೆ ಹೊಡೆದ ಹಾಗೆ ಕಾಣುತ್ತೆ. 6 ಅಡಿ 4 ಇಂಚಿನವರೆಗೆ ಒದ್ದೆಯಾಗಿದ್ದರೆ ನೀರು ಇರೋದು 43 ಅಡಿ 8 ಇಂಚಿಗೆ. ಕಟ್ಟೆ ಎತ್ತರ ಕಳೆಯೋದು ಮರೀಬೇಡಿ, ವರದಿಯ ಅಂಕಿ ನೆಲಮಟ್ಟದಿಂದ ಕೆಳಗೆ, ಅದೂ ಮೀಟರಿನಲ್ಲಿ ಇರುತ್ತೆ.

ಬೋರಿಗೆ ನಾನು ಬಳಸೋದು ಎರಡೆಳೆ ವೈರು, 9 ವೋಲ್ಟ್ ಬ್ಯಾಟರಿ, ಸಣ್ಣ ಬಜರ್. ವೈರಿನ ತುದಿಗಳನ್ನು ಸ್ವಲ್ಪ ಸುಲಿದು, ಒಂದಕ್ಕೊಂದು ತಾಗದ ಹಾಗೆ ಬಿಟ್ಟು, ತೂಕಕ್ಕೆ ಒಂದು ಬೋಲ್ಟ್ ಕಟ್ಟಿ. ಪ್ರತಿ ಹತ್ತು ಅಡಿಗೆ ಟೇಪ್ ಸುತ್ತಿ ಗುರುತು ಮಾಡಿ. ನೀರು ತಾಗಿದಾಗ ಕೂಗುತ್ತೆ. ಕೇಸಿಂಗ್ (ಗಟ್ಟಿ ಬಂಡೆ ಸಿಗೋವರೆಗೆ ಇಳಿಸೋ ಪೈಪು) ಗೋಡೆಯ ಪಸೆಗೂ ಒಮ್ಮೊಮ್ಮೆ ಕೂಗುತ್ತೆ, ಅದಕ್ಕೆ ಮೂರು ಸಲ ಎತ್ತಿ ಇಳಿಸಿ ನೋಡಿ. ಮೋಟರ್ ಇರೋ ಬೋರಾದರೆ ಸ್ಟಾರ್ಟರಿನ ಫ್ಯೂಸ್ ಕಿತ್ತಿಟ್ಟೇ ಕೈ ಹಾಕಿ, ನಿಲ್ಲಿಸಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಅಳೆಯಿರಿ. ನಾನು ಮೊದಲ ವರ್ಷ ಅವಸರಕ್ಕೆ ವೈರನ್ನು ಹಾಗೇ ಬಿಟ್ಟು, ಅದು ಮೋಟರ್ ಕೇಬಲ್ಲಿಗೆ ಸುತ್ತಿಕೊಂಡು, 300 ಅಡಿ ಪೈಪ್ ಪೂರ್ತಿ ಮೇಲೆತ್ತಿಸಿದ್ದೆ. ಮನೆಯಲ್ಲಿ ಇವತ್ತಿಗೂ ಹೇಳಿ ನಗ್ತಾರೆ. ಮುಂದಿನ ಸಲ ಮೋಟರ್ ಎತ್ತಿದಾಗ ಪಕ್ಕದಲ್ಲೇ ಒಂದು ಸಣ್ಣ ಪೈಪ್ ಕಟ್ಟಿ ಇಳಿಸಿಬಿಡಿ, ವೈರು ಅದರೊಳಗೆ ಹೋಗಲಿ.

ಮಂಡಳಿಯವರು ಅಳೆಯೋ ನಾಲ್ಕು ಹೊತ್ತಿಗೇ ನೀವೂ ಅಳೆಯಿರಿ. ನಿಮ್ಮ ಅಂಕಿ ಹತ್ತಿರದ ವೀಕ್ಷಣಾ ಬಾವಿ ಏರಿದಾಗ ಏರಿ, ಇಳಿದಾಗ ಇಳಿದರೆ, ಆ ಬಾವಿಯ ಇಪ್ಪತ್ತು ವರ್ಷದ ಚರಿತ್ರೆ ನಿಮ್ಮ ಜಮೀನಿಗೂ ಅನ್ವಯಿಸುತ್ತೆ. ತಾಳೆಯಾಗದಿದ್ದರೆ ನಿಮ್ಮದು ಬೇರೆ ಪದರ, ಆ ವರದಿ ನೋಡಿ ಬೋರ್ ಹಾಕೋ ಹಾಗಿಲ್ಲ. ನನ್ನದರಲ್ಲಿ ನವೆಂಬರಿಗೆ 41 ಅಡಿ, ಮೇ ತಿಂಗಳಿಗೆ 118. ಹತ್ತಿರದ ಸರ್ಕಾರಿ ಬಾವಿ ಅದೇ ಹೊತ್ತಿನಲ್ಲಿ ಇಳಿದಿದ್ದು ಬರೀ 12 ಅಡಿ. ಅಂದರೆ ಮೇಲಿನ ಪದರದ ನೀರು ನನ್ನ ಗ್ಯಾಪಿಗೆ ನಿಧಾನಕ್ಕೆ ಇಳೀತಿದೆ, ನಾನು ಅದಕ್ಕಿಂತ ಬೇಗ ಎತ್ತುತ್ತಿದ್ದೇನೆ. ಅದನ್ನು ನೋಡಿದ ಮೇಲೆ ಒಂದೇ ಸಲ ಆರು ಗಂಟೆ ಓಡಿಸೋದು ಬಿಟ್ಟು, ಎರಡು ಗಂಟೆಯಂತೆ ಮೂರು ಸಲ ಮಾಡಿಕೊಂಡೆ. ಮೋಟರ್ ಗಾಳಿ ಎಳೆಯೋದು ನಿಂತಿತು.

‘ನೀರು ತೆಗೆದರೆ ನೆಲ ಕುಸಿಯುತ್ತಾ’ ಅಂತ ಇನ್ನೊಬ್ಬರು ಕೇಳಿದ್ದರು. ದಪ್ಪ ಜೇಡಿಪದರ ಇರೋ ಬಯಲಲ್ಲಿ ಹೌದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಒಂದು ಕಡೆ 1925ರಿಂದ 1977ರೊಳಗೆ ನೆಲ ಸುಮಾರು 9 ಮೀಟರ್ ಇಳಿದಿತ್ತು. ಗ್ರಾನೈಟ್ ಮೇಲೆ ಕೂತ ನಮಗೆ ಆ ಭಯ ಇಲ್ಲ.

ಕುಡಿಯೋಕೂ ಅದೇ ಬೋರಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಗ್ರಾನೈಟಿನ ಆಳದ ನೀರು ಕಲ್ಲಿನ ಜೊತೆ ಬಹಳ ಕಾಲ ಕೂತಿರುತ್ತೆ, ಕಲ್ಲಿನ ಫ್ಲೋರೈಡ್ ನೀರಿಗೆ ಇಳಿದಿರಬಹುದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ಮಾನಕ. ನೋಡೋಕೆ, ರುಚಿಗೆ ಏನೂ ಗೊತ್ತಾಗಲ್ಲ.

ಮೂರನೇ ಬೋರಿಗೆ ರಿಗ್ ಹೇಳೋ ಮೊದಲು ಇಷ್ಟು ಇಲ್ಲಿ ಹಾಕಿ: ಎರಡೂ ಬೋರಿನಲ್ಲಿ ಕೇಸಿಂಗ್ ಎಷ್ಟು ಅಡಿ ಇಳಿಯಿತು, ಎರಡನೆಯದರಲ್ಲಿ ಗ್ಯಾಪ್ ಎಷ್ಟನೇ ಅಡಿಗೆ ಸಿಕ್ಕಿತು, ಈಗ ನೀರು ಎಷ್ಟು ಅಡಿಗೆ ನಿಂತಿದೆ. ಕೊರೆಯುವಾಗ ಬಂದ ಕಲ್ಲಿನ ಪುಡಿ ಬೋರ್ ಪಕ್ಕ ಇನ್ನೂ ಗುಡ್ಡೆ ಬಿದ್ದಿದ್ದರೆ ಹತ್ತಿರದಿಂದ ಫೋಟೋ ತೆಗೆದು ಕಳಿಸಿ, ನೀರು ಚಿಮುಕಿಸಿ ತೆಗೆಯಿರಿ, ಬಣ್ಣ ಚೆನ್ನಾಗಿ ಕಾಣುತ್ತೆ.